ಮತದಾನಕ್ಕೆ ಅಪ್ಪಣೆ ಬೇಕೆ?



ಚುನಾವಣೆ ಬಂದಾಗಲೆಲ್ಲ ಜತ್, ಅಕ್ಕಲಕೋಟ ಕಡೆಯ ಭಕ್ತರು ನಮ್ಮಲ್ಲಿ ಒಂದು ಬಿನ್ನಹ ಮಾಡುತ್ತಾರೆ: "ಅಪ್ಪಾವರ, ಎಲ್ಲಾರೂ ಓಟು ಹಾಕಲೇಬೇಕು ಅಂತ ಒಂದು ಅಪ್ಪಣೆ ಕೊಡ್ರಿ. ನಿಮ್ಮ ಮಾತು ಯಾರೂ ಮೀರೂದಿಲ್ಲ." ಮೀರುವುದಿಲ್ಲ ಎಂಬ ಕಾರಣಕ್ಕೇ ನಾವು ಹಿಂಜರಿಯುತ್ತೇವೆ. ಹೋಗಲೇಬೇಕೆಂದು ಆಜ್ಞೆ ಮಾಡಿದ ಬಾಯಿ ನಾಳೆ ಇಂಥವರಿಗೇ ಹಾಕಿರಿ ಎನ್ನಲು ತಡವಾಗುವುದಿಲ್ಲ.

ಸರಕಾರಗಳೂ ಈ ದಾರಿ ಹಿಡಿದು ನೋಡಿವೆ. ಗುಜರಾತ ರಾಜ್ಯ ಸ್ಥಳೀಯ ಸಂಸ್ಥೆಗಳಲ್ಲಿ ಮತದಾನ ಕಡ್ಡಾಯ ಮಾಡುವ ಮಸೂದೆಯನ್ನು 2009ರಲ್ಲಿ ತಂದಿತು. 2015ರಲ್ಲಿ ನೂರು ರೂಪಾಯಿ ದಂಡದ ನಿಯಮವೂ ಆಯಿತು. ಅದೇ ವರ್ಷ ಹೈಕೋರ್ಟು ತಡೆಯಿತು. ಕರ್ನಾಟಕ 2015ರಲ್ಲಿ ಪಂಚಾಯತಿಗಳಿಗೆ ಕಡ್ಡಾಯವೆಂದಿತು, ಆದರೆ ದಂಡವಿಡಲಿಲ್ಲ. ಆಸ್ಟ್ರೇಲಿಯಾದಲ್ಲಿ 1924ರಿಂದ ಇದು ನಡೆದಿದೆ ಎಂದು ಓದಿದವರು ವಾದಿಸುತ್ತಾರೆ. ನಿಜ. ಆದರೆ ಅಲ್ಲಿ ಮತದಾನ ಶನಿವಾರ. ತಮ್ಮ ರಾಜ್ಯದೊಳಗೆ ಯಾವ ಮತಗಟ್ಟೆಯಲ್ಲಾದರೂ ಹಾಕಬಹುದು. ಮೊದಲು ಅನುಕೂಲ, ಆಮೇಲೆ ಕಟ್ಟಳೆ.

ನಮ್ಮಲ್ಲಿ ಹಾಗಿದೆಯೇ? ಮಹಾರಾಷ್ಟ್ರ ವಿಧಾನಸಭೆಗೆ 2024ರಲ್ಲಿ ಮತದಾನವಾದದ್ದು ನವೆಂಬರ 20ಕ್ಕೆ, ಕಬ್ಬಿನ ಹಂಗಾಮು ಸುರುವಾಗುವ ಹೊತ್ತಿಗೆ. ಒಣ ಹಳ್ಳಿಗಳ ಬಡವರು ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಕಬ್ಬು ಕಡಿಯಲು ಹೋಗುವ ಕಾಲವದು. ಮುಂಗಡ ಹಣ ತಿಂದವನು ಫಡ ಬಿಟ್ಟು ಹೇಗೆ ಬಂದಾನು? ದಂಡ ಬಿದ್ದರೆ ಅವನ ತಲೆಗೇ. ಬಾಗಿಲೆದುರೇ ಮತಗಟ್ಟೆಯಿದ್ದೂ ಗಾದಿ ಬಿಟ್ಟೇಳದ ಸಾವಕಾರನಿಗೆ ನೂರು ರೂಪಾಯಿ ಯಾವ ಲೆಕ್ಕ? (ಇದನ್ನು ಓದಿ ಕೆಲವರು ಮುಖ ಸಣ್ಣದು ಮಾಡಿಕೊಂಡಾರು. ಮಾಡಿಕೊಳ್ಳಲಿ.)

ಕಾಯಕವನ್ನು ಹೊಡೆದು ಮಾಡಿಸಿದರೆ ಅದು ಬಿಟ್ಟಿ ಚಾಕರಿ. ದಾಸೋಹವನ್ನು ಕಸಿದುಕೊಂಡರೆ ಅದು ಕಂದಾಯ. ಮನಸ್ಸಿಲ್ಲದೆ ಒತ್ತಿದ ಗುಂಡಿಯೂ ಅಂಥದ್ದೇ. ಹಾಗೆಂದು ಮನೆಯಲ್ಲಿ ಕೂತವನನ್ನು ನಾವು ಮೆಚ್ಚುವುದಿಲ್ಲ. ಇಷ್ಟಲಿಂಗಕ್ಕೆ ನಿಮ್ಮ ಕೈಯೇ ನೀರೆರೆಯಬೇಕಲ್ಲವೆ? ಊರಿನ ಕೆರೆ, ಕನ್ನಡ ಸಾಲೆಯ ಮಾಸ್ತರ, ರಸ್ತೆ ಇವುಗಳ ಚಿಂತೆಯನ್ನೂ ಪಕ್ಕದವನ ಕೈಗೆ ಬಿಟ್ಟರೆ ನಡೆಯದು. ಯಾರೂ ಸರಿಯಿಲ್ಲ ಎನ್ನುವವರಿಗೆ 2013ರಿಂದ 'ಮೇಲಿನ ಯಾರೂ ಅಲ್ಲ' ಎಂಬ ಗುಂಡಿಯೂ ಇದೆ.

ಆದ್ದರಿಂದ ನಾವು ಮಾಡುವುದು ಅಪ್ಪಣೆಯಲ್ಲ, ವಿನಂತಿ. ಲೋಕಸಭೆ, ವಿಧಾನಸಭೆಗಳ ಮತದಾನದ ದಿನ ಹಮಾಲರಿಗೆ, ಗುಮಾಸ್ತರಿಗೆ ಪಗಾರ ಕಡಿಯದೆ ರಜೆ ಕೊಡಿರಿ. 1996ರಿಂದ ಅದು ಕಾನೂನೇ ಆಗಿದೆ. ಹೊಲ ಇಂಡಿಯಲ್ಲಿ, ಮನೆ ಅಕ್ಕಲಕೋಟದಲ್ಲಿ ಎಂದು ಎರಡೂ ಕಡೆ ಹೆಸರಿಟ್ಟುಕೊಂಡವರು ಒಂದನ್ನು ತೆಗೆಸಿರಿ. ಎರಡು ಕ್ಷೇತ್ರಗಳಲ್ಲಿ ಹಾಕಿದರೆ ಎರಡೂ ಮತ ರದ್ದು. ಜೀಪು, ಟ್ರ್ಯಾಕ್ಟರ ಇದ್ದವರು ಮುದುಕರನ್ನು ಕರೆದೊಯ್ಯಿರಿ, ಯಾವ ಪಕ್ಷದ ಝಂಡಾ ಕಟ್ಟದೆ, ಯಾರಿಗೆ ಹಾಕಿದಿರಿ ಎಂದು ಕೇಳದೆ.

ಅಂದು ಸಂಜೆ ಮಠದಲ್ಲಿ ಎಂದಿನಂತೆ ಪ್ರಸಾದ ಇರುತ್ತದೆ. ಪಂಕ್ತಿಯಲ್ಲಿ ಕೂತವರ ಬೆರಳನ್ನು ಯಾರೂ ನೋಡತಕ್ಕದ್ದಲ್ಲ.