ಕಂಬಳಿಯ ಬಿಲ್ಲೆಯೂ ಕರ್ಮವಿಚಾರವೂ

ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿ ವನ್ಯಧಾಮದ ಅಂಚಿಗೆ ಹೊಲವುಳ್ಳ ನನ್ನ ಹಳೆಯ ಶಿಷ್ಯನೊಬ್ಬನು ಕಳೆದ ಮಾಗಿಯಲ್ಲಿ ನನ್ನನ್ನು ಕಾಣಲು ಬಂದಿದ್ದನು. ಕುಶಲಪ್ರಶ್ನೆಗಳು ಮುಗಿದ ಮೇಲೆ ಅವನು ಜೇಬಿನಿಂದ ಒಂದು ತಗಡಿನ ಡಬ್ಬಿಯನ್ನು ತೆಗೆದು ಜಗಲಿಯ ಮೇಲಿಟ್ಟು ಮುಚ್ಚಳವನ್ನು ತೆರೆದನು. ಒಳಗೆ ರೂಪಾಯಿಯ ನಾಣ್ಯಕ್ಕಿಂತ ಕೊಂಚ ಚಿಕ್ಕವಾದ ಕಪ್ಪು ಬಿಲ್ಲೆಗಳು ಒಂದರ ಮೇಲೊಂದು ಜೋಡಿಸಲ್ಪಟ್ಟಿದ್ದುವು. ಜೇನುಮೇಣದ ವಾಸನೆ ಬಂದುದರಿಂದ ನಾನು ಅವನ್ನು ಯಾವುದೋ ಔಷಧದ ಗುಳಿಗೆಗಳೆಂದು ತಿಳಿದೆನು. "ಕೋವಿಗೆ ಹಾಕೋ ಬಿಲ್ಲೆ, ಮೇಷ್ಟ್ರೇ," ಎಂದನು. "ನಾನೇ ಮಾಡ್ತೀನಿ. ಪಕ್ಕದ ಹೊಲದೋನಿಗೂ ಮಾಡ್ಕೊಟ್ಟೆ. ಈಡು ಹೊಡ್ದೋನು ಅವನು, ಬಿಲ್ಲೆ ಮಾಡ್ಕೊಟ್ಟೋನು ನಾನು. ಅದರ ಪಾಪ ನಂಗೂ ತಟ್ತದಾ?"

ಆ ಕ್ಷಣದಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಶಾಸ್ತ್ರವನ್ನು ಓದಿದವನೆಂದು ನಂಬಿ ಬಂದವನಿಗೆ ಯಾವುದಾದರೂ ಒಂದು ಶ್ಲೋಕವನ್ನು ಹೇಳಿ ಕಳುಹಿಸಿಬಿಡುವುದು ಸುಲಭವಾಗಿದ್ದಿತು. ಆದರೆ ಅವನ ಮುಖವನ್ನು ನೋಡಿದ ಮೇಲೆ ಹಾಗೆ ಮಾಡಲು ಮನಸ್ಸೊಪ್ಪಲಿಲ್ಲ. ಎಂಟು ದಿನ ಬಿಟ್ಟು ಬಾ ಎಂದೆನು. ಆ ಎಂಟು ದಿನಗಳಲ್ಲಿ ಯೋಚಿಸಿದುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಬಿಲ್ಲೆಯೆಂದರೇನೆಂಬುದನ್ನು ಹೇಳಬೇಕು. ಬೆಳೆಯ ಕಾವಲಿಗೆಂದು ಪರವಾನಗಿ ಪಡೆದು ನಮ್ಮ ರೈತರು ಇಟ್ಟುಕೊಂಡಿರುವ ಕೋವಿಗಳಲ್ಲಿ ಹಲವು ಕೇಪಿನ ಕೋವಿಗಳು, ಎಂದರೆ ಬಾಯಿಯ ಕಡೆಯಿಂದಲೇ ಮದ್ದನ್ನು ತುಂಬುವಂಥವು. ನಳಿಗೆಯೊಳಕ್ಕೆ ಮದ್ದನ್ನು ಸುರಿದು, ಅದರ ಮೇಲೆ ಏನನ್ನಾದರೂ ಒತ್ತಾಗಿ ತುರುಕಿ, ಗಜದಿಂದ ತಟ್ಟಿ, ಆಮೇಲೆ ಚರೆಯನ್ನೋ ಗುಂಡನ್ನೋ ಇಳಿಸಬೇಕು. ನಡುವೆ ತುರುಕಿದುದು ಸಡಿಲವಾಗಿದ್ದರೆ ಉರಿಯ ವಾಯು ಪಕ್ಕದಿಂದ ನುಸುಳಿ ಹೋಗಿ ಈಡಿನ ಬಲವು ಕುಗ್ಗುವುದು. ತೆಂಗಿನ ನಾರು, ಹರಕು ಬಟ್ಟೆ, ಕಾಗದ ಇವುಗಳಿಂದ ಕೆಲಸ ನಡೆಯುವುದಾದರೂ ಅವು ಕಿಡಿಹಿಡಿದು ಹೊರಬಿದ್ದು ಹುಲ್ಲಿನಲ್ಲಿ ಹೊಗೆಯಾಡುವುದುಂಟು. ಉಣ್ಣೆ ಹಾಗಲ್ಲ, ಅದು ಕರಿಕಾಗುವುದೇ ಹೊರತು ಉರಿಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಆದುದರಿಂದ ನನ್ನ ಶಿಷ್ಯನು ಹಳೆಯ ಕಂಬಳಿಯ ತುಂಡುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಸೋಪು ಹಾಕಿ ತಿಕ್ಕಿ ತುಳಿದು, ಎಳೆಗಳೆಲ್ಲ ಒಂದರೊಳಗೊಂದು ಸಿಕ್ಕಿ ದಪ್ಪನಾದ ಹಾಳೆಯಂತಾಗುವವರೆಗೆ ಗಟ್ಟಿಮಾಡುತ್ತಾನೆ. ಒಣಗಿದ ಮೇಲೆ ಅಂಚು ಮಸೆದ ಕಬ್ಬಿಣದ ಕೊಳವೆಯನ್ನು ಅದರ ಮೇಲಿಟ್ಟು ಸುತ್ತಿಗೆಯಿಂದ ಹೊಡೆದು, ನಳಿಗೆಯ ಬಾಯಿಗಿಂತ ಒಂದು ಕೂದಲಷ್ಟು ದೊಡ್ಡದಾಗಿರುವಂತೆ ಬಿಲ್ಲೆಗಳನ್ನು ಕತ್ತರಿಸುತ್ತಾನೆ.

ಇನ್ನು ಜಿಡ್ಡಿನ ವಿಷಯ. ಕರಿಮದ್ದು ಉರಿದಾಗ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗಿಯೂ ಕಿಟ್ಟವಾಗಿಯೂ ಉಳಿಯುತ್ತದೆ. ನಾಲ್ಕು ಈಡು ಹೊಡೆಯುವಷ್ಟರಲ್ಲಿ ಆ ಕಿಟ್ಟವು ನಳಿಗೆಯ ಒಳಮೈಗೆ ಕಟ್ಟಿಕೊಂಡು ಗಜವೂ ಇಳಿಯದಂತಾಗುವುದು. ಬಿಲ್ಲೆಗೆ ಜಿಡ್ಡು ಹಿಡಿಸಿದ್ದರೆ ಪ್ರತಿಯೊಂದು ಈಡೂ ಹಿಂದಿನ ಕಿಟ್ಟವನ್ನು ಮೆತ್ತಗೆಮಾಡಿ ಒರೆಸಿಕೊಂಡು ಹೋಗುವುದು. ಮೋಟಾರಿಗೆ ಹಾಕುವ ಗ್ರೀಸು ಇದಕ್ಕೆ ಬಾರದಂತೆ. ಅದು ಕರಿಮದ್ದಿನೊಡನೆ ಸೇರಿ ಡಾಮರಿನಂತೆ ಅಂಟುವುದೆಂದು ಅವನ ಅನುಭವ. ಮೊದಮೊದಲು ಅವನು ಜೇನುಮೇಣಕ್ಕೆ ಕುರಿಯ ನೆಣವನ್ನು ಸೇರಿಸಿ ಕರಗಿಸುತ್ತಿದ್ದನು. ಅಡುಗೆಯ ಒಲೆಯ ಮೇಲೆ ನೆಣ ಕಾಯಿಸುವುದನ್ನು ಅವನ ತಾಯಿ ಒಪ್ಪಲಿಲ್ಲವಾಗಿ ಈಗ ಮೇಣಕ್ಕೆ ಹರಳೆಣ್ಣೆಯನ್ನು ಕೂಡಿಸುತ್ತಾನೆ. ಬೇಸಗೆಗೆ ಮೇಣ ಹೆಚ್ಚು, ಚಳಿಗೆ ಎಣ್ಣೆ ಹೆಚ್ಚು. ಕರಗಿದ ಜಿಡ್ಡು ಮದ್ದಿಗಿಳಿದು ಅದನ್ನು ಕೆಡಿಸದಂತೆ ಕೆಳಗೊಂದು ಒಣರಟ್ಟಿನ ಚೂರನ್ನೂ ಹಾಕುತ್ತಾನೆ. ಇಷ್ಟು ಶ್ರದ್ಧೆಯಿಂದ ಇವನು ನನ್ನ ತರಗತಿಯಲ್ಲಿ ಶಬ್ದರೂಪಗಳನ್ನು ಕಲಿಯಲಿಲ್ಲವೆಂಬುದನ್ನು ಮಾತ್ರ ಇಲ್ಲಿ ಹೇಳಿಬಿಡುತ್ತೇನೆ.

ನಡೆದ ಸಂಗತಿ ಇಷ್ಟು. ರಾಗಿ ತೆನೆಗಟ್ಟುವ ಕಾಲಕ್ಕೆ ಕಾಡಿನಿಂದ ಹಂದಿಗಳು ಇಳಿಯುತ್ತವೆ. ಒಂದು ರಾತ್ರಿಯಲ್ಲಿ ಒಂದು ಕುಟುಂಬದ ವರ್ಷದ ಅನ್ನ ಹೋಗುತ್ತದೆ. ಆದುದರಿಂದ ಶಿಷ್ಯನು ಅಟ್ಟಣೆಯ ಮೇಲೆ ಕುಳಿತು ಗುಂಡಿಲ್ಲದೆ, ಬರಿಯ ಮದ್ದನ್ನೂ ಬಿಲ್ಲೆಯನ್ನೂ ತುಂಬಿ, ಆಕಾಶಕ್ಕೆ ಈಡು ಹೊಡೆಯುತ್ತಾನೆ. ಸದ್ದಿಗೆ ಹಂದಿಗಳು ಓಡುತ್ತವೆ. ನೆರೆಹೊಲದವನೂ ಹೀಗೆಯೇ ಬೆದರಿಸುವುದಕ್ಕೆಂದು ಹೇಳಿ ಇವನಿಂದ ಒಂದು ಡಬ್ಬಿ ಬಿಲ್ಲೆಗಳನ್ನು ತೆಗೆದುಕೊಂಡು ಹೋದನು. ಒಂದು ರಾತ್ರಿ ಅವನು ಗುಂಡು ತುಂಬಿದನು. ಬೆಳಗ್ಗೆ ನೋಡಿದರೆ ಬದುವಿನಲ್ಲಿ ಹೆಣ್ಣುಹಂದಿ ಸತ್ತು ಬಿದ್ದಿದ್ದಿತು. ಮೈಮೇಲೆ ಪಟ್ಟೆಗಳು ಇನ್ನೂ ಮಾಸದ ಮರಿಗಳು ಅದರ ಹೊಟ್ಟೆಯನ್ನು ಮೂತಿಯಿಂದ ತಿವಿಯುತ್ತಿದ್ದುವು. ಅನುಮತಿಯಿಲ್ಲದೆ ಕಾಡುಪ್ರಾಣಿಯನ್ನು ಕೊಲ್ಲುವುದು 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾನೂನಿಗೆ ವಿರುದ್ಧವೆಂಬುದು ಇಬ್ಬರಿಗೂ ಗೊತ್ತು. ಆದರೆ ಶಿಷ್ಯನನ್ನು ಕಾಡಿದುದು ಕಾನೂನಲ್ಲ. ಹುಲ್ಲಿನ ಮೇಲೆ ಬಿದ್ದಿದ್ದ ತನ್ನ ಕೈಯ ಬಿಲ್ಲೆಯನ್ನು ಅವನು ಗುರುತಿಸಿದನು. ಎರಡು ದಿನಗಳ ಮೇಲೆ ನೆರೆಯವನು ಮತ್ತೊಂದು ಡಬ್ಬಿಯನ್ನು ಕೇಳಿದನು.

ಪಾಪವು ತಟ್ಟುವುದೆಂದು ಹೇಳುವುದಕ್ಕೆ ಆಧಾರಗಳು ಧಾರಾಳವಾಗಿವೆ. ತಾನು ಮಾಡಿದ ಹಿಂಸೆ, ಮಾಡಿಸಿದ ಹಿಂಸೆ, ಒಪ್ಪಿದ ಹಿಂಸೆ ಎಂದು ಪತಂಜಲಿಯು ಮೂರನ್ನೂ ಒಂದೇ ಸಾಲಿನಲ್ಲಿಟ್ಟಿದ್ದಾನೆ. ಮನುವು ಮಾಂಸದ ವಿಷಯದಲ್ಲಿ ಕೊಂದವನೊಬ್ಬನನ್ನೇ ಅಲ್ಲದೆ ಅನುಮತಿಕೊಟ್ಟವನನ್ನೂ ಮಾರಿದವನನ್ನೂ ಕೊಂಡವನನ್ನೂ ಬೇಯಿಸಿದವನನ್ನೂ ಬಡಿಸಿದವನನ್ನೂ ಘಾತಕರ ಪಟ್ಟಿಗೆ ಸೇರಿಸಿದ್ದಾನೆ. ಆದರೆ ಈ ಎಳೆಯನ್ನು ಹಿಡಿದು ಎಳೆಯುತ್ತ ಹೋದರೆ ಕಂಬಳಿ ನೇಯ್ದ ಕುರುಬನೂ, ಮೇಣ ಕೊಟ್ಟವನೂ, ಕೊಳವೆ ಮಸೆದ ಕಮ್ಮಾರನೂ, ಕೊನೆಗೆ ಉಣ್ಣೆ ಹೊತ್ತ ಕುರಿಯೂ ಅಪರಾಧಿಗಳಾಗುವರು. ಎಲ್ಲರಿಗೂ ಹಂಚಿದ ಪಾಪವು ಯಾರ ಮನೆಯನ್ನೂ ಮುಟ್ಟುವುದಿಲ್ಲ.

ತಟ್ಟುವುದಿಲ್ಲವೆಂದು ಹೇಳುವುದಕ್ಕೂ ದಾರಿಯುಂಟು, ಅದೂ ಮೀಮಾಂಸೆಯಲ್ಲಿಯೇ. ಯಾಗದಲ್ಲಿ ಪ್ರಧಾನಕ್ಕೆ ಫಲವುಂಟು. ಅಂಗಗಳಿಗೆ ಬೇರೆಯಾಗಿ ಫಲವಿಲ್ಲ. ಬಿಲ್ಲೆಯು ಅಂಗ, ಈಡು ಪ್ರಧಾನ. ಆದುದರಿಂದ ಬಿಲ್ಲೆಗೆ ಪ್ರತ್ಯೇಕ ಪಾಪವಿಲ್ಲವೆನ್ನಬಹುದು. ಇದಕ್ಕಿಂತಲೂ ಹತ್ತಿರವಾದುದು ಶ್ಯೇನಯಾಗದ ವಿಚಾರ. ಶತ್ರುವನ್ನು ಕೊಲ್ಲಬೇಕೆಂಬವನಿಗೆ ವೇದದಲ್ಲಿ ಶ್ಯೇನವೆಂಬ ಯಾಗವು ಹೇಳಲ್ಪಟ್ಟಿದೆ. ಹಾಗಾದರೆ ವೇದವೇ ಕೊಲೆಯನ್ನು ವಿಧಿಸಿತೇ ಎಂಬ ಪ್ರಶ್ನೆಗೆ ಶಬರಸ್ವಾಮಿಯು, ವೇದವು ಉಪಾಯವನ್ನು ಮಾತ್ರ ತಿಳಿಸಿತು, ಕೊಲ್ಲೆಂದು ಹೇಳಲಿಲ್ಲ ಎಂಬರ್ಥದ ಸಮಾಧಾನವನ್ನು ಕೊಡುತ್ತಾನೆ. ಪಾಠಶಾಲೆಯಲ್ಲಿ ಇದನ್ನು ಓದಿದಾಗ ನನಗೆ ಬಹಳ ಚತುರವಾದ ಮಾತಾಗಿ ಕಂಡಿದ್ದಿತು. ನನ್ನ ಶಿಷ್ಯನೂ ಇದನ್ನೇ ಹೇಳಬಹುದಾಗಿದ್ದಿತು: ನಾನು ಉಪಾಯವನ್ನು ಕೊಟ್ಟೆ, ಕೊಲ್ಲೆನ್ನಲಿಲ್ಲ.

ಆದರೆ ಒಂದು ಭೇದವುಂಟು. ಮೀಮಾಂಸಕರ ಮತದಲ್ಲಿ ವೇದವು ಅಪೌರುಷೇಯ. ಅದನ್ನು ಯಾರೂ ಯಾರಿಗೂ ಕೈಯಲ್ಲಿ ಕೊಟ್ಟುದಲ್ಲ. ಕೇಳುವವನ ಮುಖ ಅದಕ್ಕೆ ಗೊತ್ತಿಲ್ಲ. ಬಿಲ್ಲೆಯ ಡಬ್ಬಿಯಾದರೋ ಬೇಲಿಯ ಈಚೆಯ ಕೈಯಿಂದ ಆಚೆಯ ಕೈಗೆ ಹೋಗುವುದು. ಕೊಡುವವನಿಗೆ ಕೊಳ್ಳುವವನ ಮುಖವೂ ಮನಸ್ಸೂ ಗೊತ್ತು. ಮೊದಲನೆಯ ಡಬ್ಬಿಯನ್ನು ಕೊಟ್ಟಾಗ ಗೊತ್ತಿರಲಿಲ್ಲ. ಎರಡನೆಯದನ್ನು ಕೇಳಿದಾಗ ಗೊತ್ತಾಗಿದ್ದಿತು. ಪಾಪದ ಗಡಿಯನ್ನು ನಾನು ಎಳೆಯುವುದಾದರೆ ಈ ಎರಡು ಡಬ್ಬಿಗಳ ನಡುವೆ ಎಳೆಯುತ್ತೇನೆ.

ಇಲ್ಲಿ ನನಗೆ 1857ನೆಯ ಇಸವಿಯ ನೆನಪಾಯಿತು. ಎನ್‌ಫೀಲ್ಡ್ ಎಂಬ ಕೋವಿಯೂ ಬಾಯಿಯಿಂದ ತುಂಬುವುದೇ. ಅದರ ತೋಟೆಯ ಕಾಗದದ ತುದಿಗೂ ಇದೇ ಕಾರಣಕ್ಕಾಗಿಯೇ ಜಿಡ್ಡು ಬಳಿಯಲ್ಪಡುತ್ತಿದ್ದಿತು. ತೋಟೆಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದಿತು. ಆ ವರ್ಷದ ಜನವರಿಯಲ್ಲಿ, ಅದು ದನದ ಮತ್ತು ಹಂದಿಯ ನೆಣವೆಂಬ ಸುದ್ದಿಯು ಕಲ್ಕತ್ತೆಯ ಬಳಿಯ ಡಂಡಂನಿಂದ ಹಬ್ಬಿತು. ಸರ್ಕಾರದವರು ಅದೇ ತಿಂಗಳ ಕೊನೆಯಲ್ಲಿ, ತೋಟೆಗಳನ್ನು ಜಿಡ್ಡಿಲ್ಲದೆಯೇ ಕೊಡತಕ್ಕದ್ದೆಂದೂ ಸಿಪಾಯಿಗಳು ಮೇಣ, ಎಣ್ಣೆ ಮುಂತಾದ ತಮಗೊಪ್ಪಿದ ಜಿಡ್ಡನ್ನು ತಾವೇ ಬಳಿದುಕೊಳ್ಳಬಹುದೆಂದೂ ಅಪ್ಪಣೆಮಾಡಿದರು. ಫೆಬ್ರವರಿ 26ರಂದು ಬರ್‍ಹಾಂಪುರದಲ್ಲಿ ಕಾಗದದ ಹೊಳಪಿನ ಮೇಲೆಯೇ ಸಂಶಯ ಬಂದಿತು. ಹಲ್ಲು ಮುಟ್ಟಿಸದೆ ಕೈಯಿಂದ ಹರಿಯಬಹುದೆಂದು ಮಾರ್ಚ್ ತಿಂಗಳಲ್ಲಿ ಕವಾಯತನ್ನೇ ತಿದ್ದಿದರು. ಏಪ್ರಿಲ್ 24ರಂದು ಮೀರತ್ತಿನಲ್ಲಿ ಹಿಂದಿನಿಂದ ಬಳಕೆಯಲ್ಲಿದ್ದ ತೋಟೆಗಳನ್ನೇ ಕೊಟ್ಟರೂ 90 ಜನ ಸವಾರರಲ್ಲಿ 85 ಜನರು ಮುಟ್ಟಲೊಲ್ಲದೆ ಹೋದರು. ನಮ್ಮ ತಾಯಂದಿರು ಒಲೆಯ ಮೇಲಿಂದ ನೆಣದ ಪಾತ್ರೆಯನ್ನು ಇಳಿಸಿ ಮುಗಿಸಿಬಿಡುವ ಪ್ರಶ್ನೆಯಿಂದ ಒಂದು ಸಾಮ್ರಾಜ್ಯವೇ ನಡುಗಿತು. ಒಳಗೇನಿದೆಯೆಂದು ಕೇಳಿದವನಿಗೆ ಮೊದಲೇ ನಿಜವನ್ನು ಹೇಳದಿದ್ದರೆ ಆಮೇಲೆ ಕೊಟ್ಟ ಶುದ್ಧವಸ್ತುವೂ ಶುದ್ಧವಾಗಿ ಕಾಣುವುದಿಲ್ಲ.

ಈ ಕಥೆಯನ್ನು ಹೇಳುವಾಗ ಕೆಲವರು ನಗುವುದುಂಟು: ಮನುಷ್ಯನನ್ನು ಕೊಲ್ಲುವ ಕೋವಿಯನ್ನು ಹಿಡಿಯಲು ಹೇಸದವರು ಅದರ ಜಿಡ್ಡಿಗೆ ಹೇಸಿದರಲ್ಲಾ ಎಂದು. ನಾನು ನಗಲಾರೆ. ಯಾರ ಮೇಲೆ ಗುಂಡು ಹಾರಿಸಬೇಕೆಂಬುದು ಸಿಪಾಯಿಯ ಕೈಯಲ್ಲಿರಲಿಲ್ಲ. ತುಟಿಗೆ ಏನು ತಾಕಬೇಕೆಂಬುದೊಂದೇ ಅವನಿಗೆ ಉಳಿದಿದ್ದ ಸ್ವಾತಂತ್ರ್ಯ. ಮನೆಯಲ್ಲಿ ತಾನೇ ಬಿಲ್ಲೆ ಮಾಡಿಕೊಳ್ಳುವ ರೈತನ ಸ್ಥಿತಿ ಬೇರೆ. ಒಳಗೇನಿದೆಯೆಂಬುದು ಅವನಿಗೆ ಚೆನ್ನಾಗಿ ಗೊತ್ತು. ಕಂಬಳಿ ಯಾವುದು, ಮೇಣವೆಷ್ಟು, ಎಣ್ಣೆಯೆಷ್ಟು ಎಂದು ಲೆಕ್ಕಹೇಳಬಲ್ಲವನು, ಅದು ಹೊರಗೆ ಎಲ್ಲಿಗೆ ಹೋಗುವುದೆಂಬುದು ಮಾತ್ರ ತನಗೆ ಸಂಬಂಧಿಸಿದ್ದಲ್ಲವೆಂದು ಹೇಗೆ ಹೇಳಿಯಾನು?

ಮಳವಳ್ಳಿಯ ನೆಲಕ್ಕೆ ಇಂತಹ ಕೋವಿ ಹೊಸದಲ್ಲ. 1799ನೆಯ ಮಾರ್ಚ್ 27ರಂದು ಅಲ್ಲಿ ಟಿಪ್ಪೂಸುಲ್ತಾನನ ಸೈನ್ಯವೂ ಜನರಲ್ ಹ್ಯಾರಿಸನ ಸೈನ್ಯವೂ ಎದುರಾದಾಗ ಎರಡು ಕಡೆಯವರೂ ಬಾಯಿಯಿಂದ ತುಂಬುವ ಕೋವಿಗಳನ್ನೇ ಹಿಡಿದಿದ್ದರು. ಮದ್ದೂರಿಗೆ ಕೋವಿಯ ಮದ್ದಿನಿಂದಲೇ ಹೆಸರು ಬಂದಿತೆಂದು ನಮ್ಮಲ್ಲಿ ಹೇಳುವವರುಂಟು. ನನಗೆ ಅದು ನಂಬಿಕೆಯಾಗಿಲ್ಲ. ಆದರೆ ಕೊಲ್ಲುವ ಪುಡಿಗೂ ಬದುಕಿಸುವ ಔಷಧಕ್ಕೂ ಮದ್ದೆಂಬ ಒಂದೇ ಮಾತನ್ನಿಟ್ಟವರು ಕೊಡುವ ಕೈಯನ್ನು ನೋಡಿಕೊಂಡೇ ಇಟ್ಟಿರಬೇಕು.

ಎಂಟನೆಯ ದಿನ ಶಿಷ್ಯನು ಬಂದನು. ಮೊದಲನೆಯ ಡಬ್ಬಿಯ ಪಾಪ ನಿನ್ನದಲ್ಲ, ಎರಡನೆಯದನ್ನು ಕೊಟ್ಟರೆ ಅದರಲ್ಲಿ ನಿನಗೆ ಪಾಲುಂಟು ಎಂದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಕೊಡ್ದಿದ್ರೆ ನಾರು ತುರುಕಿ ಹೊಡೀತಾನೆ, ಮೇಷ್ಟ್ರೇ. ಹಂದಿ ಏನೂ ಉಳಿಯಾಕಿಲ್ಲ. ನನ್ನ ಕೈ ಒಂದು ತೊಳ್ಕೊಂಡಂಗಾಯ್ತು, ಅಷ್ಟೇ" ಎಂದನು. ನಾನು ಎಂಟು ದಿನ ಯೋಚಿಸಿದುದಕ್ಕಿಂತ ಈ ಮಾತಿನಲ್ಲಿ ಹೆಚ್ಚು ತೂಕವಿದ್ದಿತು. ಕೊಡದೆ ಸುಮ್ಮನಿರುವುದು ಸ್ವಂತ ಮಡಿಯನ್ನು ಕಾಪಾಡಿಕೊಂಡಂತೆಯೇ ಸರಿ. ಹಂದಿಗೂ ಉಪಕಾರವಿಲ್ಲ, ನೆರೆಯವನಿಗೂ ಇಲ್ಲ. ಮೇಣ ಮುಗಿದಿದೆ, ಕಂಬಳಿ ಸಿಕ್ಕಲಿಲ್ಲ ಎಂದು ನೆಪ ಹೇಳಿದರಂತೂ ಮಡಿಯೂ ಉಳಿಯದು. ಏಕೆ ಕೊಡುವುದಿಲ್ಲವೆಂಬುದನ್ನು ಅವನ ಮುಖಕ್ಕೇ ಹೇಳಬೇಕು, ಮರಿಗಳನ್ನು ಕಂಡುದನ್ನೂ ಹೇಳಬೇಕು, ರಾತ್ರಿಯ ಕಾವಲಿಗೆ ಅವನ ಹೊಲಕ್ಕೂ ಸೇರಿಸಿ ಬರಿಯ ಈಡು ಹೊಡೆಯುವೆನೆಂದು ಹೇಳಬೇಕು ಎಂದೆನು. ಹೇಳುವುದು ನನಗೆ ಸುಲಭ, ನಿದ್ದೆಗೆಡುವವನು ಅವನು. ಇದೂ ನನಗೆ ಗೊತ್ತಿಲ್ಲದಿಲ್ಲ.

ಅವನು ಹೋಗಿ ಹೇಳಿದನಂತೆ. ನೆರೆಯವನಿಗೆ ಮೊದಲು ಸಿಟ್ಟು ಬಂದಿತು. ಬೇಟೆಗಾರನಿಗೆ ವೇದಾಂತ ಬಂತೇ ಎಂದು ಹಾಸ್ಯ ಮಾಡಿದನು. ಎರಡು ವಾರ ಮಾತಿರಲಿಲ್ಲ. ರಾಗಿ ಕೊಯ್ಲಿಗೆ ನಾಲ್ಕು ದಿನವಿರುವಾಗ ಅವನೇ ಬಂದು, ಈ ರಾತ್ರಿ ನನ್ನ ಅಟ್ಟಣೆಯಲ್ಲಿ ಕುಳಿತುಕೊಳ್ಳುವೆಯಾ, ನನಗೆ ಜ್ವರ ಎಂದು ಕೇಳಿದನಂತೆ. ಶಿಷ್ಯನು ಹೋದನು, ಆರು ಬಿಲ್ಲೆಗಳು ಖರ್ಚಾದುವು. ನೆರೆಯವನು ಗುಂಡುಗಳನ್ನು ಇನ್ನೂ ಮನೆಯ ಗೂಡಿನಲ್ಲಿಯೇ ಇಟ್ಟುಕೊಂಡಿದ್ದಾನೆ. ಮುಂದಿನ ಬೆಳೆಗೆ ಏನು ಮಾಡುವನೋ ತಿಳಿಯದು.