ಮಗುವಾಗಿ ಉಳಿಯುವ ಖರ್ಚು

ಬಾಲ್ಯವನ್ನು ಹೊಗಳಿ ಬರೆದವರೆಲ್ಲ ದೊಡ್ಡವರೇ. ಮಕ್ಕಳನ್ನು ಕೇಳಿ ನೋಡಿ, ಚಿಕ್ಕವರಾಗಿಯೇ ಇರುವ ಆಸೆ ಅವರಿಗಿಲ್ಲ. ಅಪ್ಪನ ಚಪ್ಪಲಿಗೆ ಕಾಲು ತೂರಿಸಿಕೊಂಡು ಮನೆಯೆಲ್ಲ ಸರಪರ ಓಡಾಡುವ ಪುಟ್ಟನಿಗೆ ಬೆಳೆಯುವುದೊಂದೇ ಅವಸರ.

*

ನಮ್ಮ ಮನೆಗಳಲ್ಲಿ ಮಕ್ಕಳ ವಯಸ್ಸು ದೊಡ್ಡವರ ಅನುಕೂಲ ನೋಡಿಕೊಂಡು ಹಿಂದೆ ಮುಂದೆ ಆಗುತ್ತದೆ. ಅಂಗಡಿಗೆ ಓಡಬೇಕಾದಾಗ ‘ಇಷ್ಟು ದೊಡ್ಡವನಾಗಿದ್ದೀಯಲ್ಲೋ’. ಆಸ್ತಿ ಪಾಲಿನ ಮಾತಿಗೆ ಬಾಯಿ ಹಾಕಿದರೆ ‘ನೀನಿನ್ನೂ ಚಿಕ್ಕವನು, ಒಳಗೆ ಹೋಗು’. ಬಸ್ಸಿನಲ್ಲಿ ಅರ್ಧ ಟಿಕೆಟ್ ಕೇಳುವಾಗ ಹದಿಮೂರರ ಹುಡುಗನಿಗೆ ಮತ್ತೆ ಹನ್ನೊಂದು. ಸರ್ಕಾರವೂ ಕಡಿಮೆಯಿಲ್ಲ. ಮತ ಹಾಕುವ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿಯಿತು; ಹುಡುಗನ ಮದುವೆ ಮಾತ್ರ 21ರಲ್ಲೇ ನಿಂತಿದೆ. ಸರ್ಕಾರವನ್ನು ಆರಿಸುವುದಕ್ಕಿಂತ ಹೆಂಡತಿಯನ್ನು ಆರಿಸಲು ಮೂರು ವರ್ಷದ ಬುದ್ಧಿ ಹೆಚ್ಚು ಬೇಕು. ಕಾನೂನು ಬರೆದವರು ಸಂಸಾರಸ್ಥರೇ ಇರಬೇಕು.

*

ಮುಗ್ಧತೆಯಲ್ಲಿ ಕರುಣೆ ಇದ್ದೇ ಇರುತ್ತದೆ ಎಂದು ನಂಬಿದವರು ಏರೋಪ್ಲೇನ್ ಚಿಟ್ಟೆ ಹಿಡಿಯುವ ಹುಡುಗರನ್ನು ನೋಡಿಲ್ಲ. ಬೇಲಿಗೂಟದ ತುದಿಯಲ್ಲಿ ಅದು ಕೂತಾಗ ಉಸಿರು ಬಿಗಿಹಿಡಿದು ಹಿಂದಿನಿಂದ ಹೋಗುತ್ತಾರೆ, ಎರಡು ಬೆರಳಲ್ಲಿ ಬಾಲ ಹಿಡಿಯುತ್ತಾರೆ, ಹೊಲಿಗೆ ದಾರ ಬಿಗಿದು ಹಾರಿಸುತ್ತಾರೆ. ದಾರ ಜಗ್ಗಿ ಬಾಲ ಕಿತ್ತರೆ ಇನ್ನೊಂದು ಚಿಟ್ಟೆ. ಆ ಹುಡುಗರಲ್ಲಿ ಒಬ್ಬನೂ ಕೆಟ್ಟವನಲ್ಲ. ಅದಕ್ಕೂ ನೋವಾಗುತ್ತದೆ ಎನ್ನುವುದು ಇನ್ನೂ ಹೊಳೆದಿಲ್ಲ, ಅಷ್ಟೇ. ಹೊಳೆದ ದಿನ ಆಟ ಒಂದು ಕಡಿಮೆಯಾಗುತ್ತದೆ, ಹುಡುಗ ಗೇಣುದ್ದ ಬೆಳೆದಿರುತ್ತಾನೆ.

*

ಮಗು ಹುಟ್ಟುತ್ತಲೇ ವಿಶ್ವಮಾನವ, ಅದನ್ನು ಅಲ್ಪಮಾನವನಾಗಿಸುವವರು ನಾವು ಎಂಬುದು ಕುವೆಂಪು ಅವರ ವಿಚಾರ. ಜಾತಿ ಮತಗಳ ಮಟ್ಟಿಗೆ ನೂರಕ್ಕೆ ನೂರು ನಿಜ. ಆದರೆ ಎರಡು ವರ್ಷದ ಇಬ್ಬರು ವಿಶ್ವಮಾನವರ ನಡುವೆ ಒಂದೇ ಒಂದು ಬಲೂನು ಇಟ್ಟು ನೋಡಿ! ಕುವೆಂಪು ಕೂಡ ಮತ್ತೆ ತೊಟ್ಟಿಲಿಗೆ ಹೋಗಿ ಎನ್ನಲಿಲ್ಲ. ಕಳೆದುಕೊಂಡ ವಿಶ್ವಮಾನವತ್ವವನ್ನು ವಿದ್ಯೆಯಿಂದ ಪಡೆಯಬೇಕೆಂದರು. ಅದು ಬೆಳೆದವರ ಕೆಲಸ.

*

ಜಿ.ಪಿ. ರಾಜರತ್ನಂ ಮಕ್ಕಳಿಗೆ ತುತ್ತೂರಿ ಊದಿಸಿದರು, ಹೆಂಡಗುಡುಕ ರತ್ನನಿಗೆ ಪದ ಕಟ್ಟಿಕೊಟ್ಟರು. ಅವರು ಕುಡಿದವರಲ್ಲ. ಕುಡಿಯದೆ ಕುಡುಕನ ನಾಲಗೆ ಹಿಡಿದ ಮನುಷ್ಯ ಮಗುವಿನ ನಾಲಗೆಯನ್ನೂ ಹಿಡಿದದ್ದು ತಾನು ಮಗುವಾಗಿ ಉಳಿದದ್ದರಿಂದಲ್ಲ, ಪಳಗಿದ ಕಿವಿಯಿಂದ. ‘ಮಕ್ಕಳಿಗೆ ಬರೆಯಲು ಮಗುವಾಗಬೇಕು’ ಎಂದು ಭಾಷಣ ಮಾಡುವವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು.

*

ಮಗು ಪ್ರಶ್ನೆ ಕೇಳಿ, ಉತ್ತರ ಬರುವ ಮೊದಲೇ ಆಟಕ್ಕೆ ಓಡಿಬಿಡುತ್ತದೆ. ಉತ್ತರ ಬರೆಯಲು ಶಿವರಾಮ ಕಾರಂತರು ಕೂತರು. ಹಾಗೆ ಕೂತದ್ದಕ್ಕೆ ಮಕ್ಕಳ ವಿಶ್ವಕೋಶ ‘ಬಾಲ ಪ್ರಪಂಚ’ದ ಮೂರು ಸಂಪುಟಗಳೇ ಸಾಕ್ಷಿ.

*

‘ನಮ್ಮನೆಯವರದ್ದು ಮಗುವಿನಂಥ ಮನಸ್ಸು’ ಎಂದು ಹೆಂಗಸೊಬ್ಬಳು ಹೇಳಿದರೆ ಅದು ಹೊಗಳಿಕೆಯೋ ದೂರೋ ಎಂದು ಅವಳ ಕಣ್ಣು ನೋಡಿ ತಿಳಿಯಬೇಕು. ಆ ಮನೆಯಲ್ಲಿ ಗ್ಯಾಸ್ ಮುಗಿಯುವ ದಿನ ಅವಳಿಗೇ ಗೊತ್ತು. ಅತ್ತೆಯ ಬಿಪಿ ಮಾತ್ರೆ, ಮಗನ ಫೀಸು, ನಾದಿನಿಯ ಮನೆಯ ಗೃಹಪ್ರವೇಶಕ್ಕೆ ಏನು ಮುಯ್ಯಿ ಇಡಬೇಕು ಎಂಬ ಲೆಕ್ಕ, ಎಲ್ಲ ಅವಳ ತಲೆಯಲ್ಲೇ. ಯಜಮಾನರು ಸಂಬಳದ ಅರ್ಧ ಯಾರಿಗೋ ಸಾಲ ಕೊಟ್ಟು ನಗುನಗುತ್ತ ಬರುತ್ತಾರೆ. ಊರೆಲ್ಲ ‘ಎಂಥಾ ನಿಷ್ಕಪಟಿ ಮನುಷ್ಯ’ ಅನ್ನುತ್ತದೆ. ಆ ನಿಷ್ಕಪಟದ ಕಂತು ಕಟ್ಟುವವಳಿಗೆ ಊರು ಕೊಟ್ಟ ಬಿರುದು ‘ಸ್ವಲ್ಪ ಬಿಗಿ’. ಒಬ್ಬರು ಮಗುವಾಗಿ ಉಳಿದ ಮನೆಯಲ್ಲಿ ಇನ್ನೊಬ್ಬರು ಎರಡು ಪಾಲು ದೊಡ್ಡವರಾಗಿರುತ್ತಾರೆ. ಈ ಲೆಕ್ಕ ತಪ್ಪಿದ್ದನ್ನು ನಾನು ಎಲ್ಲೂ ಕಂಡಿಲ್ಲ.

*

ಗಂಡಸಿನ ಹುಡುಗಾಟಕ್ಕೆ ನಲವತ್ತಾದರೂ ಮಾಫಿ. ಹುಡುಗಿಯ ಕುಂಟೆಬಿಲ್ಲೆ ಮೈನೆರೆದು ಆರತಿ ಎತ್ತಿದ ದಿನಕ್ಕೇ ನಿಲ್ಲುತ್ತದೆ; ಎಷ್ಟೋ ಮನೆಗಳಲ್ಲಿ ಅದಕ್ಕೂ ಮೊದಲೇ, ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡ ದಿನ.

*

ಚನ್ನಪಟ್ಟಣದ ಬುಗುರಿ ತಯಾರಾಗುವುದನ್ನು ಹತ್ತಿರ ನಿಂತು ನೋಡಬೇಕು. ಆಲೆ ಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುತ್ತದೆ. ಕುಶಲಕರ್ಮಿ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಕಾವಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ, ಒಣಗಿದ ಗರಿಯಿಂದ ತೀಡಿದರೆ ಹೊಳಪು ಏರುತ್ತದೆ. ಇಷ್ಟು ಹೊತ್ತೂ ಅವರ ಮುಖದಲ್ಲಿ ಆಟದ ಸುಳಿವೇ ಇಲ್ಲ. ಕೈ ಅಲುಗಿದರೆ ಬುಗುರಿಯ ಮೈ ಸೊಟ್ಟ. ಮಗುವಿನ ಅರ್ಧ ಗಂಟೆಯ ಆಟದ ಹಿಂದೆ ಅದೆಷ್ಟೋ ವರ್ಷ ಪಳಗಿದ ಕೈ ಇರುತ್ತದೆ.

*

ದೇಶವೂ ಬೆಳೆಯಬೇಕು. ಆರರಿಂದ ಹದಿನಾಲ್ಕು ವರ್ಷದವರಿಗೆ ಶಿಕ್ಷಣ ಹಕ್ಕು ಎನ್ನುವ 2009ರ ಕಾಯ್ದೆ, ಹದಿನಾಲ್ಕರೊಳಗಿನವರನ್ನು ದುಡಿಮೆಗೆ ಹಚ್ಚಬಾರದೆಂಬ 2016ರ ತಿದ್ದುಪಡಿ, ಇವು ದೊಡ್ಡವರು ದೊಡ್ಡವರಂತೆ ನಡೆದುಕೊಂಡ ಸಂದರ್ಭಗಳು. ಅದೇ ತಿದ್ದುಪಡಿ ಶಾಲೆಯ ಹೊತ್ತು ಮುಗಿದ ಮೇಲೆ ಮಕ್ಕಳು ಮನೆಯವರ ಕಸುಬಿಗೆ ಕೈಹಚ್ಚಲು ಅವಕಾಶ ಉಳಿಸಿತು. ಅಲ್ಲಿ ಮಾತ್ರ ಕೈ ಸ್ವಲ್ಪ ಅಲುಗಿದೆ.

*

ಮುಪ್ಪಿನವರು ಮಕ್ಕಳ ಹಾಗೆ ಎನ್ನುತ್ತೇವೆ. ನಲವತ್ತು ವರ್ಷ ಗದ್ದೆ ನೋಡಿಕೊಂಡು ಮೂರು ಮದುವೆ ಮಾಡಿಸಿದ ಹಿರಿಯರಿಗೆ ಆಸ್ಪತ್ರೆ ಮಂಚದಲ್ಲಿ ‘ತಾತಾ, ಆ ಅನ್ನಿ, ಜಾಣ ತಾತ’ ಎನ್ನುವುದು ಪ್ರೀತಿಯೇ ಇರಬಹುದು. ಮೈಸೋತವರ ಬುದ್ಧಿಯೂ ಸೋತಿದೆ ಎಂದುಕೊಳ್ಳುವುದು ಮಾತ್ರ ಅವಮಾನ.

*

ಮಗುವಿನಿಂದ ಉಳಿಸಿಕೊಳ್ಳಲು ಏನೂ ಇಲ್ಲವೇ? ಇದೆ. ಬೆಳಿಗ್ಗೆ ಜಗಳವಾಡಿದವನ ಜೊತೆ ಸಂಜೆ ಆಡಲು ಹೋಗುವ ನಾಚಿಕೆಯಿಲ್ಲದ ಧೈರ್ಯ. ಗೊತ್ತಿಲ್ಲದ್ದನ್ನು ‘ಗೊತ್ತಿಲ್ಲ’ ಎನ್ನುವ ಬಾಯಿ. ಇಷ್ಟನ್ನು ಇಟ್ಟುಕೊಂಡು ಉಳಿದದ್ದರಲ್ಲಿ ಬೆಳೆಯುವುದೇ ಮೇಲು ಎಂಬುದು ನನ್ನ ತೀರ್ಮಾನ.

*

ನಿಮ್ಮ ಮನೆಯಲ್ಲೂ ಮಗುವಿನಂಥ ಮನಸ್ಸಿನ ದೊಡ್ಡವರೊಬ್ಬರು ಇದ್ದರೆ ದಯವಿಟ್ಟು ಬೈಯಬೇಡಿ. ಈ ತಿಂಗಳ ಕರೆಂಟ್ ಬಿಲ್ಲು, ರೇಷನ್ ಕ್ಯೂ, ಅಮ್ಮನ ಮಾತ್ರೆಯ ಚೀಟಿ ಮೂರನ್ನೂ ಅವರ ಕೈಗೆ ಕೊಡಿ. ಮುಗಿಸಿ ಬಂದ ಮೇಲೆ ಆಷಾಢದ ಗಾಳಿಗೆ ಪಟ ಹಾರಿಸಲಿ, ದಾರ ಹಿಡಿಯಲು ನೀವೂ ಹೋಗಿ.