ಚಂದನಲೇಪವೂ ವೈರಾಗ್ಯವೂ

ದೇಹವು ತಾನಲ್ಲವೆಂದು ನಿಶ್ಚಯಿಸಿಕೊಂಡವನು ಆ ದೇಹವನ್ನು ಸುತ್ತಿರುವ ಚರ್ಮಕ್ಕೆ ಎಣ್ಣೆಯನ್ನೋ ಲೇಪವನ್ನೋ ಹಚ್ಚಬಹುದೆ? ಮೇಲುನೋಟಕ್ಕೆ ಇದು ಅಲ್ಪವಾದ ಪ್ರಶ್ನೆಯೆಂದು ತೋರೀತು. ಆದರೆ ಭರತಖಂಡದ ಧರ್ಮಚಿಂತಕರು ಇದನ್ನು ಹಾಗೆ ತಳ್ಳಿಹಾಕಲಿಲ್ಲ. ವೈರಾಗ್ಯವನ್ನು ಬೋಧಿಸುವ ಗ್ರಂಥಗಳು ಶರೀರವನ್ನು ಮಲಮಾಂಸಗಳಿಂದ ತುಂಬಿ ತೊಗಲಿನಿಂದ ಹೊಲಿದ ಚೀಲವೆಂದು ವರ್ಣಿಸಿ ಅದರ ಮೇಲಣ ಮೋಹವನ್ನು ಕಿತ್ತೊಗೆಯಹೇಳುತ್ತವೆ. ಪತಂಜಲಿಯು ಶೌಚವನ್ನು ನಿಯಮಗಳಲ್ಲಿ ಮೊದಲನೆಯದಾಗಿ ಎಣಿಸಿ, ಅದು ನೆಲೆಗೊಂಡಾಗ ಸಾಧಕನಿಗೆ ತನ್ನ ಅಂಗಗಳಲ್ಲಿಯೇ ಜುಗುಪ್ಸೆ ಹುಟ್ಟುವುದೆಂದು ಸೂತ್ರಿಸುತ್ತಾನೆ. ಅತ್ತ ವಾಗ್ಭಟನಾದರೋ ದಿನಚರ್ಯೆಯನ್ನು ಹೇಳುವ ಅಧ್ಯಾಯದಲ್ಲಿ ಅಭ್ಯಂಗವನ್ನು ನಿತ್ಯವೂ ಆಚರಿಸತಕ್ಕದ್ದೆಂದು ವಿಧಿಸಿ, ಅದರಿಂದ ಚರ್ಮವು ದೃಢವಾಗುವುದೆಂದು ಫಲವನ್ನೂ ಹೇಳುತ್ತಾನೆ. ನರಕಚತುರ್ದಶಿಯ ಬೆಳಗಿನ ಜಾವದಲ್ಲಿ ಮೊಮ್ಮಗನ ನೆತ್ತಿಗೆ ಎಣ್ಣೆಯೊತ್ತುವ ಹಿರಿಯರೇ ಸಂಜೆ ದೇಹದ ಅನಿತ್ಯತೆಯನ್ನು ಕುರಿತ ಪುರಾಣಶ್ರವಣಕ್ಕೆ ಕೂರುತ್ತಾರೆ. ಎರಡರ ನಡುವೆ ವಿರೋಧವಿದೆಯೆಂದು ಅವರಿಗೆ ಕಂಡಿಲ್ಲ. ಹಾಗೆ ಕಾಣದಿರುವುದು ಅಭ್ಯಾಸಬಲದಿಂದಲೋ, ಇಲ್ಲವೇ ಅಲ್ಲಿ ನಿಜವಾಗಿಯೂ ವಿರೋಧವೇ ಇಲ್ಲವೋ ಎಂಬುದು ವಿಚಾರಾರ್ಹವಾದ ಸಂಗತಿ.

ಮೊದಲು ಚರ್ಮವೆಂಬುದು ಏನೆಂದು ತಿಳಿಯಬೇಕು. ಸುಶ್ರುತನು ಶಾರೀರಸ್ಥಾನದಲ್ಲಿ, ಕಾಯುತ್ತಿರುವ ಹಾಲಿನ ಮೇಲೆ ಕೆನೆ ಕಟ್ಟುವಂತೆ ಗರ್ಭದ ಮೇಲೆ ತ್ವಚೆಯು ಪದರಪದರವಾಗಿ ಉಂಟಾಗುವುದೆಂದು ಹೇಳಿ, ಅವಭಾಸಿನಿಯೆಂಬುದರಿಂದ ತೊಡಗಿ ಮಾಂಸಧರೆಯವರೆಗೆ ಏಳು ಪದರಗಳನ್ನು ಹೆಸರಿಸಿದ್ದಾನೆ. ಈಗಿನ ವಿಜ್ಞಾನದ ಗಮನ ವಿಶೇಷವಾಗಿ ಹರಿದಿರುವುದು ಎಲ್ಲಕ್ಕೂ ಮೇಲಿನ ಪದರದ ಕಡೆಗೆ. ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿನಷ್ಟು ಮಾತ್ರ ದಪ್ಪವುಳ್ಳ ಈ ಪೊರೆಯನ್ನು ಬಹುಕಾಲ ನಿರ್ಜೀವವಾದ ಹೊಟ್ಟೆಂದೇ ಭಾವಿಸಿದ್ದರು; ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆ ಭಾವನೆ ಬದಲಾಯಿತು. ಸತ್ತು ಚಪ್ಪಟೆಯಾದ ಜೀವಕೋಶಗಳ ಸಾಲುಗಳ ನಡುವೆ ಸೆರಮೈಡ್, ಕೊಲೆಸ್ಟೆರಾಲ್, ಕೊಬ್ಬಿನ ಆಮ್ಲಗಳೆಂಬ ಮೂರು ಬಗೆಯ ಸ್ನಿಗ್ಧದ್ರವ್ಯಗಳು ಕ್ರಮಬದ್ಧವಾಗಿ ತುಂಬಿಕೊಂಡು, ಒಳಗಿನ ನೀರು ಹೊರಹೋಗದಂತೆಯೂ ಹೊರಗಿನ ವಿಷಾಂಶವು ಒಳಹೋಗದಂತೆಯೂ ತಡೆಯುತ್ತವೆ. ಪೊರೆಯ ಮೇಲ್ಮೈ ಸ್ವಲ್ಪ ಆಮ್ಲಗುಣವುಳ್ಳದ್ದು. ಅಷ್ಟು ಹುಳಿಯಿದ್ದರೇನೇ ಈ ಸ್ನಿಗ್ಧದ್ರವ್ಯಗಳು ಸರಿಯಾಗಿ ಪಾಕಗೊಳ್ಳುವುವು. ಸುಮಾರು ನಾಲ್ಕು ವಾರಗಳಲ್ಲಿ ಕೆಳಗಿನಿಂದ ಹೊಸ ಕೋಶಗಳು ಮೇಲೇರಿ ಹಳೆಯವು ಉದುರುತ್ತವೆ. ನಮ್ಮ ಅತ್ಯಂತ ಹೊರಗಿನ ಎಲ್ಲೆಯನ್ನು ಕಾಯುವ ಕೆಲಸ ಹೀಗೆ ಸತ್ತವುಗಳ ಪಾಲಿಗೆ ಬಂದಿದೆ.

ಈ ಎಲ್ಲೆ ಕೆಟ್ಟಾಗ ಒದಗುವ ಅವಸ್ಥೆಯನ್ನು ಇಸುಬಿನಿಂದ ನರಳಿದವರು ಬಲ್ಲರು. ನೀರಾರಿ ಚರ್ಮ ಬಿರಿಯುತ್ತದೆ. ಬಿರುಕಿನಲ್ಲಿ ಕೆರಳಿಸುವ ವಸ್ತು ಇಳಿದು ತುರಿಕೆ ಹುಟ್ಟುತ್ತದೆ. ತುರಿಸಿದಷ್ಟೂ ಪೊರೆ ಹರಿಯುತ್ತದೆ. ಹರಿದಷ್ಟೂ ತುರಿಕೆ ಹೆಚ್ಚುತ್ತದೆ. ಕೆಲವರಲ್ಲಿ ಈ ದೌರ್ಬಲ್ಯ ಹುಟ್ಟಿನಿಂದಲೇ ಬಂದದ್ದು: ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿರುವ ಲೋಪಕ್ಕೂ ಬಾಲ್ಯದ ಇಸುಬಿಗೂ ಸಂಬಂಧವಿರುವುದು 2006ರಲ್ಲಿ ಸ್ಥಾಪಿತವಾಯಿತು. ಆದರೆ ಅನೇಕರಲ್ಲಿ ಕೇಡಿಗೆ ಕಾರಣ ಬೇರೆ. ಅದು ಶುದ್ಧಿಯ ಅತಿರೇಕ. ಸಾಮಾನ್ಯವಾದ ಸಾಬೂನು ಕ್ಷಾರಗುಣದ್ದು. ಅದರ ಜೊತೆಗೆ ಸುಡುನೀರೂ ಒರಟು ಉಜ್ಜುವಿಕೆಯೂ ಸೇರಿದರೆ ಕೊಳೆಯೊಂದಿಗೆ ರಕ್ಷೆಯೂ ತೊಳೆದುಹೋಗುತ್ತದೆ. ಶರೀರದಲ್ಲಿ ಜುಗುಪ್ಸೆ ತಾಳಿದವನು ಅದನ್ನು ಉಜ್ಜಿ ಉಜ್ಜಿ ಜುಗುಪ್ಸೆಗೆ ಮತ್ತಷ್ಟು ಕಾರಣವನ್ನು ತಾನೇ ಒದಗಿಸಿಕೊಳ್ಳುತ್ತಾನೆ. ಪತಂಜಲಿಯ ಅಭಿಪ್ರಾಯ ಇದಾಗಿರಲಾರದೆಂಬುದೇ ನನ್ನ ನಂಬಿಕೆ. ಅವನ ಸೂತ್ರದ ಗುರಿ ಅಂಗಸಂಗದ ಬಿಡುಗಡೆಯೇ ಹೊರತು ಅಂಗದ ಮೇಲಣ ಹಗೆಯಲ್ಲ. ಆದರೂ ಮಡಿಯ ಹೆಸರಿನಲ್ಲಿ ಬೆರಳ ಸಂದುಗಳನ್ನು ಹುಣ್ಣು ಮಾಡಿಕೊಂಡವರು ಎಷ್ಟು ಮನೆಗಳಲ್ಲಿ ಇರಲಿಲ್ಲ!

ಇಂಥ ಚರ್ಮಕ್ಕೆ ಸಸ್ಯದ್ರವ್ಯ ಏನು ಮಾಡುತ್ತದೆ? ಲೋಳೆಸರದ ತಿರುಳು ತಂಪನ್ನೂ ತೇವವನ್ನೂ ಕೊಡುತ್ತದೆ. ನಮ್ಮ ಗದ್ದೆಯಂಚಿನ ಒಂದೆಲಗ, ಶಾಸ್ತ್ರಗಳ ಮಂಡೂಕಪರ್ಣಿ, ತನ್ನ ಏಷಿಯಾಟಿಕೋಸೈಡ್ ಮೊದಲಾದ ಸತ್ತ್ವಗಳಿಂದ ಗಾಯ ಮಾಯುವುದಕ್ಕೆ ನೆರವಾಗುತ್ತದೆ. ಕೊಬ್ಬರಿ ಎಣ್ಣೆ ಮೇಲೆ ಒಂದು ಹೊದಿಕೆಯಾಗಿ ನಿಂತು ನೀರಾರುವುದನ್ನು ತಗ್ಗಿಸುತ್ತದೆ. ಇವುಗಳಲ್ಲಿ ಒಂದಾದರೂ ಪೊರೆಯನ್ನು ಸ್ವತಃ ಕಟ್ಟುವುದಿಲ್ಲವೆಂಬುದನ್ನು ಗಮನಿಸಬೇಕು. ಕಟ್ಟುವ ಕೆಲಸ ಚರ್ಮದ್ದೇ. ಲೇಪವು ಆ ಕೆಲಸಕ್ಕೆ ಬೇಕಾದ ಬಿಡುವನ್ನು ಮಾತ್ರ ಒದಗಿಸುತ್ತದೆ. ಆಯುರ್ವೇದವು ಚಿಕಿತ್ಸೆಯನ್ನು ಶೋಧನವೆಂದೂ ಶಮನವೆಂದೂ ಎರಡಾಗಿ ವಿಂಗಡಿಸಿತು. ಹೊರಹಾಕುವುದರಲ್ಲಿ ಒಂದು ಪರಾಕ್ರಮವಿರುವುದರಿಂದ ಶೋಧನದ ಕಡೆಗೆ ನಮ್ಮ ಮನಸ್ಸು ಬೇಗ ವಾಲುತ್ತದೆ. ಶಮನದಲ್ಲಿ ಅಂಥ ಪರಾಕ್ರಮವಿಲ್ಲ, ಕಾಯುವಿಕೆಯಿದೆ. ಫಲ ತನ್ನದೆಂದು ಹೇಳಿಕೊಳ್ಳುವ ಅವಕಾಶವೂ ಅಲ್ಲಿಲ್ಲ.

ಮೂಲಪ್ರಶ್ನೆಗೆ ಬೌದ್ಧರು ಕೊಟ್ಟ ಉತ್ತರವೊಂದು ಪ್ರಸಿದ್ಧವಾದುದು. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ವಾಯವ್ಯದೇಶವನ್ನಾಳಿದ ಯವನರಾಜ ಮಿಲಿಂದನು ನಾಗಸೇನಸ್ಥವಿರನನ್ನು ಕೇಳುತ್ತಾನೆ: ಪ್ರವ್ರಜಿತರಿಗೆ ದೇಹವು ಪ್ರಿಯವೋ? ಅಲ್ಲವೆಂದು ಉತ್ತರ. ಹಾಗಿದ್ದರೆ ಅದನ್ನು ಇಷ್ಟು ಜತನವಾಗಿ ಪೋಷಿಸುವುದೇಕೆಂದು ರಾಜನು ಕೇಳಿದಾಗ ನಾಗಸೇನನು ಮರುಪ್ರಶ್ನೆ ಹಾಕುತ್ತಾನೆ. ರಣದಲ್ಲಿ ಬಾಣ ನೆಟ್ಟ ಗಾಯಕ್ಕೆ ಮುಲಾಮು ಬಳಿದು ಎಣ್ಣೆ ಹಚ್ಚಿ ನಯವಾದ ಬಟ್ಟೆ ಸುತ್ತುವುದು ಗಾಯವು ಪ್ರಿಯವೆಂದೋ? ಮಾಯಲೆಂದಷ್ಟೆ, ಭಿಕ್ಷುವು ದೇಹವನ್ನು ಆ ಗಾಯದಂತೆಯೇ ಆರೈಕೆ ಮಾಡುತ್ತಾನೆಂದು ಸ್ಥವಿರನ ಸಮಾಧಾನ. ಆರೈಕೆಯನ್ನು ಆಸಕ್ತಿಯಿಂದ ಬಿಡಿಸಿ ತೋರಿಸಿದ ಈ ಉತ್ತರದ ಕುಶಲತೆಗೆ ನಾನು ತಲೆಬಾಗುತ್ತೇನೆ. ಆದರೆ ಇದರಲ್ಲಿ ನನಗೆ ಪೂರ್ಣ ತೃಪ್ತಿಯಿಲ್ಲ. ಗಾಯವನ್ನು ಆರೈಸುವವನು ಗಾಯವು ಇಲ್ಲದಾಗಲೆಂದು ಆರೈಸುತ್ತಾನೆ. ಚರ್ಮವನ್ನು ಆರೈಸುವವನು ಚರ್ಮವು ಉಳಿಯಲೆಂದು. ಇದಕ್ಕಿಂತ ಮುಖ್ಯವಾಗಿ, ರಾಜನ ಪ್ರಶ್ನೆಯೂ ಸ್ಥವಿರನ ಉತ್ತರವೂ ಎರಡೂ ಒಬ್ಬನಿಗೆ ತನ್ನ ದೇಹದೊಡನೆ ಇರತಕ್ಕ ಸಂಬಂಧವನ್ನಷ್ಟೆ ಕುರಿತವು. ಬೆನ್ನಿನ ಮೇಲಿನ ಹುಣ್ಣಿಗೆ ತಾನೇ ಲೇಪ ಹಚ್ಚಿಕೊಳ್ಳಲು ಯಾವನಿಗೂ ಸಾಧ್ಯವಿಲ್ಲ.

ವಿನಯಪಿಟಕದ ಮಹಾವಗ್ಗದಲ್ಲಿ ಇದಕ್ಕೆ ಸಲ್ಲುವ ಒಂದು ಪ್ರಸಂಗವಿದೆ. ಆನಂದನ ಉಪಾಧ್ಯಾಯನಾದ ಬೇಲಟ್ಠಸೀಸನೆಂಬ ಸ್ಥವಿರನಿಗೆ ದಪ್ಪ ಹಕ್ಕಳೆಗಟ್ಟುವ ಚರ್ಮರೋಗವಿದ್ದು, ಸೋರಿದ ರಸಿಕೆಯಿಂದ ಚೀವರವು ಮೈಗೆ ಅಂಟಿಕೊಂಡಿತ್ತು. ಭಿಕ್ಷುಗಳು ಅದನ್ನು ನೀರಿನಿಂದ ನೆನೆಸಿ ನೆನೆಸಿ ಬಿಡಿಸುತ್ತಿದ್ದರು. ವಿಹಾರದಲ್ಲಿ ತಿರುಗಾಡುತ್ತಿದ್ದ ಬುದ್ಧನು ಇದನ್ನು ಕಂಡು, ಇಂಥ ವ್ಯಾಧಿಯುಳ್ಳವರಿಗೆ ಔಷಧಚೂರ್ಣಗಳನ್ನು ಅನುಮತಿಸಿದನು. ಹುಣ್ಣನ್ನು ಮುಚ್ಚುವುದಕ್ಕೆ ಪ್ರತ್ಯೇಕವಾದ ವಸ್ತ್ರವನ್ನೂ ಅನುಮತಿಸಿದನು. ಅದೇ ಗ್ರಂಥದ ಭೈಷಜ್ಯಖಂಡದಲ್ಲಿ ಅನುಮತವಾಗಿರುವ ಸಸ್ಯಗಳನ್ನು ಓದಿದರೆ ನಮ್ಮ ಹಿತ್ತಿಲೇ ಕಣ್ಮುಂದೆ ಬರುತ್ತದೆ: ಅರಿಶಿನ, ಲಾವಂಚ, ಭದ್ರಮುಷ್ಟಿ, ಬೇವು, ಹೊಂಗೆ. ಗಂಧಮಾಲ್ಯಾದಿ ಅಲಂಕಾರಗಳನ್ನು ಭಿಕ್ಷುವಿಗೆ ನಿಷೇಧಿಸಿದ ಶಾಸನವೇ ಬೇವಿನ ಕಷಾಯಕ್ಕೆ ಬಾಗಿಲು ತೆರೆಯಿತು. ಆ ಬಾಗಿಲು ತೆರೆದದ್ದು ರೋಗಿಯು ಕೇಳಿದ್ದರಿಂದಲ್ಲ, ಇನ್ನೊಬ್ಬನು ಕಂಡದ್ದರಿಂದ.

ಇದೇ ವಿಷಯವನ್ನು ಜೈನಪರಂಪರೆ ಇನ್ನೂ ಆಳಕ್ಕೆ ಕೊಂಡೊಯ್ದಿದೆ. ಹನ್ನೆರಡನೆಯ ಶತಮಾನದಲ್ಲಿ ಗುಜರಾತಿನಲ್ಲಿದ್ದ ಹೇಮಚಂದ್ರಾಚಾರ್ಯರು ತ್ರಿಷಷ್ಟಿಶಲಾಕಾಪುರುಷಚರಿತ್ರದಲ್ಲಿ ಋಷಭದೇವನ ಪೂರ್ವಭವಗಳಲ್ಲೊಂದನ್ನು ಹೇಳುತ್ತಾ, ಆಗ ಆತನು ಜೀವಾನಂದನೆಂಬ ವೈದ್ಯನಾಗಿದ್ದನೆನ್ನುತ್ತಾರೆ. ಚರ್ಮವ್ಯಾಧಿಯಿಂದ ಮೈಯೆಲ್ಲ ಕ್ರಿಮಿಮಯವಾಗಿಯೂ ಚಿಕಿತ್ಸೆಯನ್ನು ಬಯಸದೆ ಇದ್ದ ಒಬ್ಬ ಮುನಿಯು ಭಿಕ್ಷೆಗೆ ಬಂದು ಹೋಗುತ್ತಾನೆ. ವೈದ್ಯನ ಗೆಳೆಯನಾದ ರಾಜಕುಮಾರನು, ನಿನಗೆ ವಿದ್ಯೆಯಿದೆ, ದಯೆಯೊಂದಿಲ್ಲ, ಹಣವಿಲ್ಲದವರ ಕಡೆಗೆ ನೀನು ತಿರುಗಿಯೂ ನೋಡುವುದಿಲ್ಲ ಎಂದು ಚುಚ್ಚುತ್ತಾನೆ. ಜೀವಾನಂದನು ಕೋಪಿಸಿಕೊಳ್ಳದೆ, ಲಕ್ಷಪಾಕತೈಲ ನನ್ನಲ್ಲಿದೆ, ಗೋಶೀರ್ಷಚಂದನವೂ ರತ್ನಕಂಬಳಿಯೂ ಇಲ್ಲ, ಅವನ್ನು ತನ್ನಿರೆನ್ನುತ್ತಾನೆ. ಒಂದೊಂದಕ್ಕೂ ಲಕ್ಷ ಬೆಲೆಯಿರುವ ಆ ವಸ್ತುಗಳನ್ನು ಮುದುಕನಾದ ವರ್ತಕನೊಬ್ಬನು, ಪ್ರಯೋಜನವೇನೆಂದು ಕೇಳಿ ತಿಳಿದು, ಬೆಲೆಯಿಲ್ಲದೆ ಕೊಟ್ಟುಬಿಡುತ್ತಾನೆ. ಗೆಳೆಯರು ಕಾಯೋತ್ಸರ್ಗದಲ್ಲಿ, ಎಂದರೆ ದೇಹದ ಹಂಬಲ ತೊರೆದು ನಿಶ್ಚಲವಾಗಿ, ನಿಂತಿದ್ದ ಮುನಿಗೆ ವಂದಿಸಿ, ತಮ್ಮ ಚಿಕಿತ್ಸೆಯಿಂದ ತಪಸ್ಸಿಗೆ ವಿಘ್ನವಾಗುವುದನ್ನು ಕ್ಷಮಿಸಿ ಅನುಜ್ಞೆ ಕೊಡಬೇಕೆಂದು ಬೇಡುತ್ತಾರೆ. ತೈಲದ ಉಷ್ಣಕ್ಕೆ ಕ್ರಿಮಿಗಳು ಚರ್ಮದಿಂದ ಹೊರಬೀಳುತ್ತವೆ. ಮೇಲೆ ಹೊದಿಸಿದ ಕಂಬಳಿಯ ತಂಪನ್ನು ಅರಸಿ ಅದಕ್ಕೆ ಹತ್ತಿಕೊಳ್ಳುತ್ತವೆ. ಇಲ್ಲಿಗೆ ಕೆಲಸ ಮುಗಿಯಿತೆಂದು ಮತ್ತೊಬ್ಬ ವೈದ್ಯನು ಕಂಬಳಿಯನ್ನು ಕೊಡವಿಬಿಡುತ್ತಿದ್ದನೇನೋ. ಇವರಾದರೋ ಮೊದಲೇ ತಂದಿರಿಸಿದ್ದ ಸತ್ತ ಹಸುವಿನ ಕಳೇಬರದ ಮೇಲೆ, ಕ್ರಿಮಿಗಳೂ ಬದುಕಿಕೊಳ್ಳಲೆಂದು, ಮೆಲ್ಲಮೆಲ್ಲನೆ ಅವನ್ನು ಇಳಿಸುತ್ತಾರೆ. ಬಳಿಕ ಉರಿಯುತ್ತಿದ್ದ ಮುನಿಯ ಮೈಗೆ ಗೋಶೀರ್ಷಚಂದನದ ಲೇಪ. ಹೀಗೆ ಮೂರಾವೃತ್ತಿ ನಡೆದು ಚರ್ಮದ, ಮಾಂಸದ, ಅಸ್ಥಿಯ ಕ್ರಿಮಿಗಳು ಹೊರಟು ಮುನಿಯ ತ್ವಚೆ ಹೊಸದಾಗುತ್ತದೆ.

ಈ ಕಥೆಯಲ್ಲಿ ಮುನಿಯೂ ವೈದ್ಯನೂ ಪರಸ್ಪರ ವಿರುದ್ಧವಾದ ಧರ್ಮಗಳನ್ನು ಪಾಲಿಸುತ್ತಾರೆ, ಇಬ್ಬರದೂ ಧರ್ಮವೇ. ತನ್ನ ಚರ್ಮದ ವಿಷಯದಲ್ಲಿ ಮುನಿಯ ಉಪೇಕ್ಷೆ ತಪಸ್ಸು. ಆ ಚರ್ಮದ ವಿಷಯದಲ್ಲಿಯೇ ವೈದ್ಯನು ಉಪೇಕ್ಷೆ ತಾಳಿದ್ದರೆ ಅದು ಕ್ರೌರ್ಯವಾಗುತ್ತಿತ್ತು. ದೇಹವು ಮಿಥ್ಯೆ, ಅನಿತ್ಯ, ಅಶುಚಿ ಎಂಬ ಮಾತುಗಳನ್ನು ಉತ್ತಮಪುರುಷದಲ್ಲಿ ಆಡುವ ಅಧಿಕಾರ ಸಾಧಕನಿಗೆ ಇದೆ. ಎದುರಿಗೆ ನರಳುತ್ತಿರುವವನ ದೇಹವನ್ನು ಕುರಿತು ಹಾಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ. ವೈರಾಗ್ಯಸಾಹಿತ್ಯವನ್ನು ಓದುವವರಲ್ಲಿ ಅನೇಕರು ಈ ಭೇದವನ್ನು ಮರೆತು, ತಮಗೆ ಹೇಳಿಕೊಳ್ಳಬೇಕಾದುದನ್ನು ಪರರಿಗೆ ಹೇಳಿದ್ದಾರೆಂಬುದು ನನಗೆ ಬಹಳ ವ್ಯಥೆಯ ವಿಷಯ.

ಜೈನರ ತತ್ತ್ವದಲ್ಲಿ ಮತ್ತೊಂದು ಸೂಕ್ಷ್ಮವಿದೆ. ವನಸ್ಪತಿಗಳು ಅವರ ಎಣಿಕೆಯಲ್ಲಿ ಏಕೇಂದ್ರಿಯ ಜೀವಗಳು. ಅವುಗಳಿಗಿರುವ ಒಂದೇ ಇಂದ್ರಿಯ ಸ್ಪರ್ಶ. ನೋಟ, ಶ್ರವಣ, ಘ್ರಾಣ, ರಸನೆಗಳಿಲ್ಲದೆ ಸ್ಪರ್ಶವೊಂದರಿಂದಲೇ ಲೋಕವನ್ನು ಅನುಭವಿಸುವ ಜೀವವನ್ನು ಅರೆದು, ಕುದಿಸಿ, ಹಿಂಡಿ, ನಾವು ನಮ್ಮ ಸ್ಪರ್ಶೇಂದ್ರಿಯದ ನೋವನ್ನು ಆರಿಸಿಕೊಳ್ಳುತ್ತೇವೆ. 941ರಲ್ಲಿ ರಚಿತವಾದ ಪಂಪನ ಆದಿಪುರಾಣದಲ್ಲಿಯೂ ಶ್ರವಣಬೆಳಗೊಳದ 58 ಅಡಿಯ ಶಿಲಾಮೂರ್ತಿಯಲ್ಲಿಯೂ ಬಾಹುಬಲಿಯ ತೊಡೆತೋಳುಗಳಿಗೆ ಬಳ್ಳಿಗಳು ಹಬ್ಬಿರುವುದನ್ನು ನೋಡಿದವರಿಗೆ, ಸಸ್ಯಕ್ಕೂ ತ್ವಚೆಗೂ ಬೇರೊಂದು ನಂಟು ಸಾಧ್ಯವೆಂದು ಹೊಳೆಯದಿರದು: ಅಲ್ಲಿ ಬಳ್ಳಿ ಮುಟ್ಟುತ್ತದೆ, ಮೈ ಅದನ್ನು ಬಳಸಿಕೊಳ್ಳುವುದೂ ಇಲ್ಲ, ಕಿತ್ತುಹಾಕುವುದೂ ಇಲ್ಲ. ಆ ನಿಲುವು ನಮ್ಮಂಥವರಿಗೆ ಎಟುಕದು. ಬೇಕಾದಷ್ಟನ್ನೇ ಕೀಳುವುದೂ, ಚಂದನದಂತೆ ಬೆಳೆಯಲು ದಶಕಗಳು ಹಿಡಿಯುವ ಮರವನ್ನು ಅಂಗರಾಗದ ವಿಲಾಸಕ್ಕಾಗಿ ಬರಿದುಮಾಡದಿರುವುದೂ ಎಟುಕೀತು.

ಸಸ್ಯಜನ್ಯವಾದುದೆಲ್ಲ ಸೌಮ್ಯವೆಂಬ ಭಾವುಕತೆಯನ್ನಂತೂ ಬಿಡಬೇಕು. ಗೇರುಬೀಜದ ಸಿಪ್ಪೆಯ ಎಣ್ಣೆ ಬೊಕ್ಕೆಯೆಬ್ಬಿಸುತ್ತದೆ. ಮಾವಿನ ಸೊನೆ ತುಟಿಯನ್ನು ಸುಡುತ್ತದೆ. ನಿಂಬೆರಸವನ್ನು ಬಿರಿದ ಚರ್ಮಕ್ಕೆ ಹಚ್ಚುವುದು ಅವಿವೇಕ. ಬಂಗಾಲದ ಮನೆಗಳಲ್ಲಿ ಹಸುಗೂಸುಗಳಿಗೆ ಸಾಸಿವೆ ಎಣ್ಣೆ ತಿಕ್ಕುವ ಪದ್ಧತಿ ಪುರಾತನವಾದುದು, ವಾತ್ಸಲ್ಯದಿಂದ ಬಂದುದು. ಆದರೆ ಇಲಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸಾಸಿವೆ ಎಣ್ಣೆಯು ಹರಿದ ಪೊರೆಯ ಚೇತರಿಕೆಯನ್ನು ತಡಮಾಡಿತು, ಸೂರ್ಯಕಾಂತಿ ಎಣ್ಣೆಯು ಬೇಗಮಾಡಿತು. ಢಾಕಾದ ಶಿಶು ಆಸ್ಪತ್ರೆಯಲ್ಲಿ ಅವಧಿಗೆ ಮುನ್ನ ಹುಟ್ಟಿದ, ಚರ್ಮವಿನ್ನೂ ಬಲಿಯದ ಮಕ್ಕಳಿಗೆ ಸೂರ್ಯಕಾಂತಿ ಎಣ್ಣೆ ಸವರಿದಾಗ ಆಸ್ಪತ್ರೆಯಲ್ಲಿ ತಗಲುವ ಸೋಂಕಿನ ಸಂಭವವು ಶೇಕಡಾ 41ರಷ್ಟು ಕಡಿಮೆಯಾದುದು 2005ರಲ್ಲಿ ಪ್ರಕಟವಾಯಿತು. ಎಣ್ಣೆ ತಿಕ್ಕಿದ ಅಜ್ಜಿಯರ ಕೈ ಸರಿಯಾಗಿತ್ತು, ಎಣ್ಣೆ ಮಾತ್ರ ಬದಲಾಗಬೇಕಿತ್ತು. ಇದನ್ನು ಸಂಪ್ರದಾಯದ ಅವಮಾನವೆಂದು ಬಗೆಯತಕ್ಕದ್ದಲ್ಲ. ವಾತ್ಸಲ್ಯವಿದ್ದ ಕೈಗೆ ಪರೀಕ್ಷೆಯ ಬೆಳಕೂ ಬೇಕೆಂದು ಆ ಅಜ್ಜಿಯರೇ ಒಪ್ಪುತ್ತಿದ್ದರು.

ಇಂದು ನಮ್ಮ ಪಟ್ಟಣಗಳ ಅಂಗಡಿಗಳಲ್ಲಿ ಒಂದೆಲಗದ ಲೇಪಗಳು ನುಣ್ಣನೆಯ ಮುಖವನ್ನು ಇನ್ನೂ ನುಣ್ಣಗಾಗಿಸುವ ಭರವಸೆಯೊಡನೆ ಮಾರಾಟವಾಗುತ್ತಿವೆ. ಪೊರೆ ನಿಜವಾಗಿ ಹರಿದಿರುವ ಮೈಗಳು ಬೇರೆ ಕಡೆಯಿವೆ. ಹಸಿ ಸಿಮೆಂಟು ಸಾಬೂನಿಗಿಂತಲೂ ತೀವ್ರವಾದ ಕ್ಷಾರ. ಅದನ್ನು ಬರಿಗೈಯಿಂದ ಕಲಸುವ ಕೂಲಿಯ ಅಂಗೈ ಬಿರಿದು ರಕ್ತ ಕಾಣುತ್ತದೆ. ಹತ್ತು ಮನೆಗಳ ಪಾತ್ರೆ ತಿಕ್ಕುವ ಹೆಂಗಸಿನ ಬೆರಳಸಂದು ವರ್ಷವಿಡೀ ಆರುವುದಿಲ್ಲ. ಕಸದ ಗಾಡಿಯ ಪೌರಕಾರ್ಮಿಕನದೂ ಅಷ್ಟೆ. ಇವರಿಗೆ ಬೇಕಾದದ್ದು ಗೋಶೀರ್ಷಚಂದನವಲ್ಲ: ಕೈಗವಸು, ಕೆಲಸ ಬಿಟ್ಟೊಡನೆ ತೊಳೆದುಕೊಳ್ಳಲು ತಣ್ಣೀರು, ತೇವವಾರುವ ಮುನ್ನ ಸವರಿಕೊಳ್ಳಲು ಒಂದಿಷ್ಟು ಎಣ್ಣೆ, ಗಾಯ ಮಾಯುವವರೆಗೆ ಸಂಬಳ ಕಡಿಯದ ನಾಲ್ಕು ದಿನದ ಬಿಡುವು. ಇವರಾರೂ ಕಾಯೋತ್ಸರ್ಗದಲ್ಲಿ ನಿಂತ ಮುನಿಗಳಲ್ಲ; ತಮ್ಮ ಚರ್ಮವನ್ನು ತಾವಾಗಿ ಉಪೇಕ್ಷಿಸಿದವರೂ ಅಲ್ಲ. ಇವರಿಂದ ಕೆಲಸ ಮಾಡಿಸಿಕೊಳ್ಳುವ ನಾವು ಬೆಲೆ ಕೇಳದೆ ಕೊಟ್ಟ ಆ ಮುದುಕ ವರ್ತಕನ ಸ್ಥಾನದಲ್ಲಿ ಇದ್ದೇವೆ, ಕೈಗವಸಿನ ಬೆಲೆ ಲಕ್ಷವೂ ಅಲ್ಲ.